ಗಾಳಿಯನ್ನು ನಂಬಿದ ಹಡಗು

1869ರ ನವೆಂಬರ್ 22ರಂದು ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ‘ಕಟಿ ಸಾರ್ಕ್’ ಎಂಬ ಹಾಯಿಹಡಗು ನೀರಿಗಿಳಿಯಿತು. ಚೀನಾದ ಚಹವನ್ನು ಲಂಡನ್ನಿಗೆ ಶೀಘ್ರವಾಗಿ ತರುವುದೇ ಅದರ ಉದ್ದೇಶ. ಆದರೆ ಐದು ದಿನ ಮೊದಲೇ ಸೂಯೆಜ್ ಕಾಲುವೆ ತೆರೆದು ಉಗಿಹಡಗುಗಳಿಗೆ ದಾರಿ ಹತ್ತಿರವಾಗಿತ್ತು. ಕಿರಿದಾದ ಕಾಲುವೆಯೂ ಕೆಂಪು ಸಮುದ್ರದ ಪ್ರತಿಕೂಲ ಗಾಳಿಯೂ ಹಾಯಿಗೆ ಒಗ್ಗುವಂತಿರಲಿಲ್ಲ. ಎಂಟು ಬಾರಿ ಚಹ ತಂದ ಮೇಲೆ ಆ ವ್ಯಾಪಾರ ಅದರ ಕೈಬಿಟ್ಟಿತು.

1883ರಿಂದ ಅದು ಆಸ್ಟ್ರೇಲಿಯದ ಉಣ್ಣೆಯನ್ನು ಹೊತ್ತು ಕೀರ್ತಿ ಗಳಿಸಿತು. ಭೂಪಟವನ್ನು ನೋಡಿದರೆ ಕಾರಣವು ನಮಗೆ ತಿಳಿಯುತ್ತದೆ. ದಕ್ಷಿಣದ 40 ಡಿಗ್ರಿ ಅಕ್ಷಾಂಶದಾಚೆ ನೆಲವು ವಿರಳ. ತಡೆಯಿಲ್ಲದ ಪಶ್ಚಿಮ ಮಾರುತ ಅಲ್ಲಿ ಬಲವಾಗಿ ಬೀಸುತ್ತದೆ. ಆ ಗಾಳಿಯೇ ಹಡಗಿನ ಇಂಧನ. 1889ರಲ್ಲಿ ಅದು ‘ಬ್ರಿಟಾನಿಯ’ ಎಂಬ ಉಗಿಹಡಗನ್ನೇ ಹಿಂದೆ ಹಾಕಿತು.

1895ರಲ್ಲಿ ಪೋರ್ಚುಗೀಸರ ಪಾಲಾದ ಹಡಗು, 1954ರಿಂದ ಗ್ರೀನಿಚ್‌ನಲ್ಲಿದೆ. ಯಂತ್ರದ ಯೋಗ್ಯತೆಯನ್ನು ಅದಕ್ಕೆ ಒದಗುವ ಶಕ್ತಿಯೊಡನೆಯೇ ಅಳೆಯಬೇಕೆಂಬುದನ್ನು ಅದರ ಚರಿತ್ರೆಯಿಂದ ನಾವು ಕಲಿಯುತ್ತೇವೆ.