ತೋಟದ ಅತಿಥಿ ಕೋಣೆ: ಬಿಸಿನೀರು, ಬೆಂಕಿ ಮತ್ತು ಗಾಳಿ



ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳಲ್ಲಿ ಹೋಂಸ್ಟೇ ಈಗ ಒಂದು ಉಪಕಸುಬಾಗಿ ನೆಲೆಯೂರಿದೆ. ಹಳೆಯ ರೈಟರ್ ಮನೆಯನ್ನು ದುರಸ್ತಿ ಮಾಡಿದರೆ ಗಂಡ ಹೆಂಡತಿ ಇಬ್ಬರು ಎರಡು ದಿನ ಇದ್ದುಹೋಗಲು ಒಂದು ಕೋಣೆ, ಒಂದು ಜಗಲಿ, ಒಂದು ಬಚ್ಚಲು ಸಾಕು. ಕಡುಬು, ಅಕ್ಕಿರೊಟ್ಟಿ, ಕಾಫಿಯ ಉಪಚಾರವನ್ನು ನಮ್ಮ ಮನೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದ ಪಾಠ ಬೇರೆ ಇದೆ. ಅತಿಥಿಯನ್ನು ಬೆಚ್ಚಗಿಡುವ ಬೆಂಕಿಯೇ ಅವರ ಪ್ರಾಣಕ್ಕೆ ಎರವಾಗದಂತೆ ನೋಡಿಕೊಳ್ಳುವುದು ಹೇಗೆ?

ಅಪಾಯ ಎಲ್ಲಿದೆ?

ಕಟ್ಟಿಗೆಯಾಗಲಿ, ಅಡಿಕೆ ಸಿಪ್ಪೆಯಾಗಲಿ, ಇದ್ದಿಲಾಗಲಿ, ಅಡುಗೆ ಅನಿಲವಾಗಲಿ ಉರಿಯಲು ಆಮ್ಲಜನಕ ಬೇಕು. ಅದು ಸಾಲದೆ ಹೋದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಬಳಿಕ ಎಚ್ಚರ ತಪ್ಪುತ್ತದೆ. ನಿದ್ದೆಯಲ್ಲಿದ್ದವರಿಗೆ ಇದಾವುದೂ ತಿಳಿಯದೆ ಹೋಗಬಹುದು.

ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುವುದರಿಂದ ಸೋರಿಕೆ ಮೂಗಿಗೆ ಗೊತ್ತಾಗುತ್ತದೆ. ಆದರೆ ಗ್ಯಾಸ್ ಗೀಸರ್ ಸ್ವಲ್ಪವೂ ಸೋರದೆ ಉರಿಯುತ್ತಿರುವಾಗಲೂ ಮುಚ್ಚಿದ ಬಚ್ಚಲಿನಲ್ಲಿ ವಿಷಾನಿಲ ತುಂಬಬಹುದು. ಮಲೆನಾಡಿನ ಚಳಿಗೆ, ಹುಳುಹುಪ್ಪಟೆಯ ಭಯಕ್ಕೆ ಪಟ್ಟಣದ ಅತಿಥಿಗಳು ಕಿಟಕಿಗಳನ್ನೆಲ್ಲ ಮುಚ್ಚುತ್ತಾರೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದಾಗ ಎರಡನೆಯವರಿಗೆ ಅಪಾಯ ಹೆಚ್ಚು.

ಮಾಡಬೇಕಾದ ಕ್ರಮಗಳು

1. ಗೀಸರ್ ಮತ್ತು ಸಿಲಿಂಡರ್ ಬಚ್ಚಲಿನ ಹೊರಗೆ, ತೆರೆದ ಗಾಳಿಯಲ್ಲಿರಲಿ. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಫ್ಯಾನು ನಂಬಿ ಗೀಸರನ್ನು ಒಳಗಿಡಬೇಡಿ. ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಉರಿ ನಿಲ್ಲದೆ ಇರಬಹುದು.

2. ಹಂಡೆಯ ಒಲೆಯಾದರೆ ಒಲೆಯ ಬಾಯಿ ಗೋಡೆಯ ಆಚೆಗಿರಲಿ. ಹೊಗೆಕೊಳವೆ ಮಾಡಿನ ಮೇಲಕ್ಕೆ ಹೋಗಲಿ.

3. ಬಚ್ಚಲಿಗೆ ಮುಚ್ಚಲು ಬಾರದ ಎರಡು ಗಾಳಿಕಿಂಡಿಗಳು ಅವಶ್ಯ, ನೆಲದ ಬಳಿ ಒಂದು, ಮಾಡಿನ ಬಳಿ ಒಂದು. ಹಾವು, ಇಲಿ ಬಾರದಂತೆ ತಂತಿಬಲೆ ಹೊಡೆಯಿರಿ.

4. ಮಲಗುವ ಕೋಣೆಗೆ ಕೆಂಡದ ಅಗ್ಗಿಷ್ಟಿಕೆಯನ್ನು ಅತಿಥಿಗಳೇ ಕೇಳಿದರೂ ಕೊಡಬೇಡಿ. ಸಂಜೆ ಅಂಗಳದಲ್ಲಿ ಬೆಂಕಿ ಹಾಕಿ, ರಾತ್ರಿಗೆ ಇನ್ನೊಂದು ಕಂಬಳಿ ಕೊಡಿ. ಜನರೇಟರನ್ನೂ ಕಿಟಕಿಯಿಂದ ದೂರವಿಡಿ.

5. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂತಿರಲಿ.

ಯಾರಾದರೂ ಎಚ್ಚರ ತಪ್ಪಿದರೆ

ಬಾಗಿಲು ತೆರೆಯಿರಿ, ಅನಿಲ ಬಂದ್ ಮಾಡಿ, ಅವರನ್ನು ಕೂಡಲೇ ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬರಿಯ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು 4ರಿಂದ 5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು.

ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಅತಿಥಿಗಳ ಗುರುತಿನ ದಾಖಲೆ ಇವೆಲ್ಲ ಇರಲೇಬೇಕು. ಅದರ ಜೊತೆಗೆ ಸದಸ್ಯರು ಈ ವಾರವೇ ತಮ್ಮ ಬಚ್ಚಲಿನೊಳಗೆ ನಿಂತು, ಬಾಗಿಲು ಹಾಕಿಕೊಂಡು, ಎರಡು ಪ್ರಶ್ನೆ ಕೇಳಿಕೊಳ್ಳಿ. ಗಾಳಿ ಎಲ್ಲಿಂದ ಬರುತ್ತದೆ? ಎಲ್ಲಿಂದ ಹೊರಗೆ ಹೋಗುತ್ತದೆ? ಉತ್ತರ ಸಿಗದಿದ್ದರೆ ಕಿಂಡಿ ಒಡೆಸುವವರೆಗೆ ಅತಿಥಿಗಳನ್ನು ಕರೆಯಬೇಡಿ. ಅಂಥದೇ ಗೀಸರ್ ನಮ್ಮ ಮಕ್ಕಳು ಸ್ನಾನ ಮಾಡುವ ಬಚ್ಚಲಿನಲ್ಲೂ ಇದ್ದರೆ, ಅಲ್ಲಿಂದಲೇ ಕೆಲಸ ಆರಂಭಿಸಿ.