ಪುಕ್ಕಟೆ ಪಾಠವೂ ಮುಕ್ತ ಪಾಠವೂ

ಸ್ವಸಹಾಯ ಸಂಘದ ಸಭೆಯಲ್ಲಿ ಒಬ್ಬ ತಾಯಿ ಮಗಳ ಪಠ್ಯಪುಸ್ತಕ ತೆಗೆದು, "ಸಿಸ್ಟರ್, ಈ ಕಪ್ಪು ಬಿಳಿ ಚೌಕ ಯಾಕೆ?" ಎಂದು ಕೇಳಿದರು. ಅದು ಕ್ಯೂಆರ್ ಕೋಡ್. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಪ್ರಶ್ನೆಗಳು ಸಿಗುತ್ತವೆ ಎಂದು ಹೇಳಿದೆವು. ಕೂಡಲೇ ಇನ್ನೊಬ್ಬರು, "ಮೊಬೈಲು ಗಂಡನ ಕಿಸೆಯಲ್ಲಿರುತ್ತದೆ, ಅವರು ಬರುವಾಗ ಮಗು ಮಲಗಿರುತ್ತದೆ. ನಮ್ಮ ಸಂಜೆ ತರಗತಿಗೆ ಪ್ರಿಂಟ್ ತೆಗೆದು ಕೊಡಬಹುದಲ್ಲಾ? ತುಳುವಿನಲ್ಲಿ ಬರೆದು ಕೊಡಬಹುದಾ?" ಎಂದರು. ನಮ್ಮಲ್ಲಿ ಉತ್ತರ ತಯಾರಿರಲಿಲ್ಲ. ಹಾಗಾಗಿ ಈ ಪಾಠ.

ಹಣ ಕೊಡದೆ ಸಿಗುವುದೆಲ್ಲ ಮುಕ್ತವಲ್ಲ. ನೆರೆಮನೆಯವರು ಮಲ್ಲಿಗೆ ಹೂ ಕೊಟ್ಟರೆ ಅದು ಪುಕ್ಕಟೆ. ಗೆಲ್ಲು ಕಡಿದು ಕೊಟ್ಟು, "ನಿಮ್ಮ ಹಿತ್ತಿಲಲ್ಲಿ ನೆಡಿ, ಬೇರೆಯವರಿಗೂ ಕೊಡಿ" ಎಂದರೆ ಅದು ಮುಕ್ತ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಯಾರೂ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬಹುದು. ಆದರೆ ಅವುಗಳ ಒಳಪುಟದಲ್ಲಿ ಎಲ್ಲ ಹಕ್ಕುಗಳನ್ನೂ ಕಾದಿರಿಸಲಾಗಿದೆ. ಬೋಧನೆಗಾಗಿ ಪ್ರತಿ ತೆಗೆಯಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸ್ವಲ್ಪ ಅವಕಾಶವಿದೆ. ಭಾಷಾಂತರಿಸಿ, ಅಚ್ಚು ಹಾಕಿ ಊರಿಗೆ ಹಂಚುವುದಾದರೆ ಒಡೆಯರ ಅನುಮತಿ ಬೇಕು.

ಈ ಅನುಮತಿಯನ್ನು ಮೊದಲೇ ಬರೆದುಕೊಟ್ಟಿರುವ ಪಾಠಗಳಿಗೆ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರು 2002ರಲ್ಲಿ ಯುನೆಸ್ಕೊ ಕರೆದ ಸಭೆಯಲ್ಲಿ ಬಂತು. 2019ರಲ್ಲಿ ಯುನೆಸ್ಕೊ ಸದಸ್ಯ ರಾಷ್ಟ್ರಗಳು ಒಂದು ಶಿಫಾರಸನ್ನೇ ಒಪ್ಪಿದವು: ಸಾರ್ವಜನಿಕ ಹಣದಿಂದ ತಯಾರಾದ ಕಲಿಕಾ ಸಾಮಗ್ರಿಗೆ ಮುಕ್ತ ಪರವಾನಗಿ ಇರಲಿ ಎಂದು. ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಸಂಪನ್ಮೂಲ ಭಂಡಾರವು ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿ ಆರಿಸಿಕೊಂಡಿತು. ಅದರಲ್ಲಿ ಷರತ್ತು ಎರಡೇ: ಮೂಲ ಲೇಖಕರ ಹೆಸರು ಹೇಳಬೇಕು, ನಾವು ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಬೇರೆ ಕಡೆ 'ಮಾರಬಾರದು', 'ಬದಲಿಸಬಾರದು' ಎಂಬ ಷರತ್ತುಗಳೂ ಇರುತ್ತವೆ. 'ಬದಲಿಸಬಾರದು' ಎಂದಿದ್ದರೆ ತುಳು ಮಾಡಿ ಹಂಚುವಂತಿಲ್ಲ.

ನಮಗೆ ಹೆಚ್ಚು ಮೆಚ್ಚುಗೆಯಾದದ್ದು ನಮ್ಮ ರಾಜ್ಯದ ಪ್ರಯೋಗ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಯೋಜನೆಯಲ್ಲಿ ಸರಕಾರಿ ಪ್ರೌಢಶಾಲೆಯ ಶಿಕ್ಷಕರೇ ಕುಳಿತು ಕನ್ನಡದಲ್ಲಿ ಪಾಠ ಬರೆದರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿದರು. ದಿಲ್ಲಿಯಿಂದ ಬಂದ ಇಂಗ್ಲಿಷ್ ಪಾಠಕ್ಕೆ ಕನ್ನಡ ಧ್ವನಿ ಅಂಟಿಸುವುದಕ್ಕೂ ಇದಕ್ಕೂ ಬಹಳ ಅಂತರ. ಆದರೆ ನೀತಿಯಲ್ಲಿ ಒಳ್ಳೆಯ ಮಾತು ಬರೆದಷ್ಟು ಸುಲಭವಾಗಿ, ಶಿಕ್ಷಕರಿಗೆ ಹೀಗೆ ಕೂತು ಬರೆಯಲು ಬಿಡುವು ಸಿಗುವುದಿಲ್ಲ.

ಸರಕಾರವನ್ನು ಕೇಳುವ ಮೊದಲು ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹದಿಹರೆಯದ ಹೆಣ್ಮಕ್ಕಳ ಆರೋಗ್ಯದ ಬಗ್ಗೆ ನಾವೊಂದು ಕೈಪಿಡಿ ಮಾಡಿದ್ದೆವು. ದಾನಿಗಳ ಹಣ, ಕಾರ್ಯಕರ್ತೆಯರ ಶ್ರಮ. ಹಿಂದಿನ ಪುಟದಲ್ಲಿ ಮಾತ್ರ, ಎಲ್ಲರೂ ಹಾಕುತ್ತಾರೆಂದು, 'ಅನುಮತಿಯಿಲ್ಲದೆ ಮುದ್ರಿಸಕೂಡದು' ಎಂದು ಹಾಕಿದೆವು. ಬೇರೆ ತಾಲೂಕಿನ ಗುಂಪೊಂದು ಅದನ್ನು ನೋಡಿ ಹಿಂಜರಿದು, ಅಚ್ಚು ಹಾಕದೆ ಬಿಟ್ಟಿತಂತೆ. ನಮಗೆ ತಿಳಿದದ್ದು ವರ್ಷದ ನಂತರ. ಫೈಲನ್ನಾದರೂ ಕಳಿಸೋಣವೆಂದರೆ ಅದು ಹಳೆಯ ನುಡಿ ಅಕ್ಷರದಲ್ಲಿತ್ತು. ಅವರ ಮೊಬೈಲಿನಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಂಡವು. ಕೊನೆಗೆ ಯೂನಿಕೋಡಿನಲ್ಲಿ ಮತ್ತೆ ಟೈಪು ಮಾಡಿಸಬೇಕಾಯಿತು. ಈಗ ಆ ಪುಟದಲ್ಲಿ, ಹೆಸರು ಹೇಳಿ ಯಾರೂ ಬಳಸಬಹುದು, ತಿದ್ದಬಹುದು ಎಂದು ಬರೆದಿದ್ದೇವೆ.

ಗುಂಪಿಗೆ ಚಟುವಟಿಕೆ: ಮುಂದಿನ ಸಭೆಗೆ ಮಕ್ಕಳ ಒಂದೊಂದು ಪಠ್ಯಪುಸ್ತಕ ತನ್ನಿ. ಯಾರದ್ದಾದರೂ ಮೊಬೈಲಿನಲ್ಲಿ ಒಂದು ಕೋಡ್ ತೆರೆಯಿರಿ. ಪಾಠದ ವಿವರದಲ್ಲಿ ಪರವಾನಗಿ ಏನೆಂದು ಓದಿ, ಗುಂಪಿನ ಪುಸ್ತಕದಲ್ಲಿ ಬರೆದಿಡಿ. ಮನೆಯಲ್ಲಿ ಮೊಬೈಲು ಮಗುವಿನ ಕೈಗೆ ಎಷ್ಟು ಗಂಟೆಗೆ ಸಿಗುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಎಸ್‌ಡಿಎಂಸಿ ಸಭೆಗೆ ಹೋಗುವಾಗ ಆ ಪುಟ ಬೇಕಾಗುತ್ತದೆ.