ಹೊಳೆ ಏರಿದಾಗ ಕಾರಿನಲ್ಲೊಂದು ರೇಡಿಯೊ

ಪ್ರಶ್ನೆ: ಅಕ್ಕಾ, ನಮ್ಮದು ಕಾಗವಾಡ ತಾಲ್ಲೂಕಿನ ಜುಗೂಳ, ಕೃಷ್ಣಾ ಹೊಳೆಯ ದಂಡೆಗೇ ಊರು. ಹೊಳೆ ಏರಿದಾಗಲೆಲ್ಲ ನಾನು ಮಕ್ಕಳನ್ನೂ ಅತ್ತೆಯವರನ್ನೂ ಕಾರಿನಲ್ಲಿ ಕೂಡಿಸಿಕೊಂಡು ಶಿರಗುಪ್ಪಿಯ ತವರುಮನೆಗೆ ಹೋಗುತ್ತೇನೆ. ನಮ್ಮ ಮನೆಯವರು ಎಮ್ಮೆ ಬಿಟ್ಟು ಬರುವುದಿಲ್ಲ, ಕಡೇತನಕ ಅಲ್ಲೇ ಇರುತ್ತಾರೆ. 2019ರಲ್ಲಿ ಕರೆಂಟ್ ಹೋಗಿ, ಫೋನೂ ಹತ್ತದೆ ಎರಡು ದಿನ ಅವರ ಸುದ್ದಿಯೇ ಇರಲಿಲ್ಲ. ಈಗ ಪಿಯುಸಿ ಓದುವ ಮಗ ಕಾರಿಗೆ ಕೂಡಿಸುವ ಸಣ್ಣ ಸಿಬಿ ರೇಡಿಯೊವನ್ನು ಆನ್‌ಲೈನಿನಲ್ಲಿ ನೋಡಿದ್ದಾನೆ. ಯಾವುದನ್ನು ತರಿಸಬೇಕು? ‘ಪೊಲೀಸರು ಹಿಡಿದರೆ ಏನು ಗತಿ’ ಎಂದು ಅತ್ತೆಯವರ ಹೆದರಿಕೆ.
– ಹೆಸರು ಬೇಡ, ಜುಗೂಳ

ಉತ್ತರ: ತಂಗೀ, ಎರಡು ದಿನ ಗಂಡನ ಸುದ್ದಿಯಿಲ್ಲದೆ ಕಳೆದವರಿಗೆ ‘ಹೆದರಬೇಡಿ’ ಎಂದು ಹೇಳುವ ಧೈರ್ಯ ನನಗಿಲ್ಲ. ರೇಡಿಯೊದ ವಿಚಾರವನ್ನೇ ಮೊದಲು ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯವರ ಬಗ್ಗೆಯೂ ಒಂದು ಮಾತಿದೆ.

ಯಾವ ಸೆಟ್ಟು ಎನ್ನುವುದಕ್ಕಿಂತ ಮುಂಚೆ, ಆ ಕಡೆ ಕೇಳುವವರು ಯಾರು ಎನ್ನುವುದನ್ನು ನೋಡಿ. ಅಮೆರಿಕದಲ್ಲಿ 27 ಮೆಗಾಹರ್ಟ್ಸ್ ಸಿಬಿ, ಅಂದರೆ ಜನಸಾಮಾನ್ಯರು ಮಾತಾಡುವ ಸಿಟಿಜನ್ಸ್ ಬ್ಯಾಂಡ್, 1958ರಿಂದ ಇದೆ. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಲಾರಿ ಚಾಲಕರು ಯಾವ ಬಂಕಿನಲ್ಲಿ ಡೀಸೆಲ್ ಇದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಅದನ್ನೇ ನೆಚ್ಚಿಕೊಂಡರು. ಅಲ್ಲಿ 19ನೇ ಚಾನೆಲ್ ಹಾಕಿದರೆ ಹೆದ್ದಾರಿಯಲ್ಲಿ ಯಾರಾದರೂ ಓಗೊಟ್ಟಾರು, 9ನೇ ಚಾನೆಲ್ ಆಪತ್ತಿಗೂ ದಾರಿಹೋಕರ ನೆರವಿಗೂ ಮೀಸಲು. ನಮ್ಮ ಕಡೆ ಆ ರೂಢಿಯೇ ಬೆಳೆಯಲಿಲ್ಲ. ಕಾರಿನಲ್ಲಿ ಒಂದೇ ಸೆಟ್ಟು ಇಟ್ಟುಕೊಂಡು ಎಷ್ಟು ಕೂಗಿದರೂ ಕೇಳುವವರಿಲ್ಲ. ಹಾಗಾಗಿ ನಿಮಗೆ ಬೇಕಾದದ್ದು ಎರಡು ಸೆಟ್ಟು: ಒಂದು ನಿಮ್ಮ ಕಾರಿಗೆ, ಇನ್ನೊಂದು ಜುಗೂಳದ ಮನೆಗೆ. ಖರ್ಚಿನ ಲೆಕ್ಕವನ್ನೂ ಹಾಗೆಯೇ ಹಾಕಿ.

ಇನ್ನು ಅತ್ತೆಯವರ ಹೆದರಿಕೆ. ಅದು ಸುಮ್ಮನೆ ಹುಟ್ಟಿದ್ದಲ್ಲ. 2005ರ ಕೇಂದ್ರ ಸರ್ಕಾರದ ನಿಯಮದಂತೆ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯಲ್ಲಿ, 5 ವ್ಯಾಟ್ ಮೀರದ ಸೆಟ್ಟಿಗೆ ಲೈಸೆನ್ಸ್ ಬೇಡ. ಇದು ಕೇಂದ್ರದ ಕಾನೂನು, ಆದ್ದರಿಂದ ಹೊಳೆಯ ಆಚೆ ದಂಡೆಯ ಮಹಾರಾಷ್ಟ್ರದ ಖಿದ್ರಾಪುರಕ್ಕೂ ಅದೇ, ನಿಮಗೂ ಅದೇ. ಆದರೆ ಅಮೆರಿಕದ ಮಾದರಿಯ ಸೆಟ್ಟಿನಲ್ಲಿ 40 ಚಾನೆಲ್ ಇರುತ್ತವೆ. ಅದರ 27ನೇ ಚಾನೆಲ್ 27.275ರಲ್ಲಿದೆ, 28ನೆಯದು 27.285ರಲ್ಲಿ. ಅಲ್ಲಿಗೆ ನಮ್ಮ ಗಡಿ ದಾಟಿತು. 28ರಿಂದ 40ರವರೆಗಿನ ಚಾನೆಲ್ಲಿನಲ್ಲಿ ಮಾತಾಡುವ ಹಾಗಿಲ್ಲ ಎಂದು ಮಗನಿಗೆ ಖಡಕ್ಕಾಗಿ ಹೇಳಿ. ಲೈಸೆನ್ಸ್ ಬೇಡವೆಂದರೂ ಸೆಟ್ಟಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ, ಅಂದರೆ ಇಟಿಎ, ಇರಲೇಬೇಕು. ಮಾರುವವನನ್ನು ಆ ಕಾಗದದ ಪ್ರತಿ ಕೇಳಿ. ಕೊಡದಿದ್ದರೆ ಅವನಿಂದ ಕೊಳ್ಳಬೇಡಿ. ಆನ್‌ಲೈನಿನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಸರಿಯಾದದ್ದು ಎಂದಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಕಾಗದದ ವಿವರವಿಲ್ಲದ ವಾಕಿಟಾಕಿಗಳ ಮಾರಾಟದ ವಿಚಾರಕ್ಕೇ ಆನ್‌ಲೈನ್ ಅಂಗಡಿಗಳಿಗೆ 13 ನೋಟಿಸ್ ಕೊಟ್ಟಿತ್ತು.

‘ಸಣ್ಣ ಸೆಟ್ಟು’ ಎಂದಿದ್ದೀರಿ. ಪೆಟ್ಟಿಗೆ ಸಣ್ಣದಿದ್ದರೆ ಏನೂ ತೊಂದರೆಯಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ, ಗೇರಿಗೆ ಅಡ್ಡ ಬಾರದ ಹಾಗೆ ಕೂತರೆ ಸಾಕು. ಎಲ್ಲ ಗುಂಡಿಗಳೂ ಮೈಕಿನಲ್ಲೇ ಇರುವ ಮಾದರಿಯಾದರೆ ಪೆಟ್ಟಿಗೆಯನ್ನು ಸೀಟಿನ ಕೆಳಗೂ ತಳ್ಳಬಹುದು. ಮೋಸ ಹೋಗುವುದು ಆಂಟೆನಾದಲ್ಲಿ. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್, ಅದರ ಕಾಲು ಭಾಗವೆಂದರೆ ಎರಡೂಮುಕ್ಕಾಲು ಮೀಟರ್. ಅಷ್ಟುದ್ದದ ಕಡ್ಡಿಯನ್ನು ಕಾರಿನ ಮೇಲೆ ನಿಲ್ಲಿಸಲಾಗದು ಎಂದು ಬುಡದಲ್ಲಿ ತಂತಿ ಸುತ್ತಿ ಗಿಡ್ಡ ಮಾಡುತ್ತಾರೆ. ಗಿಡ್ಡವಾದಷ್ಟೂ ಮಾತು ಹೋಗುವ ದೂರ ಕಡಿಮೆ. ಒಂದು ಗೇಣಿನ ಚೆಂದದ ಕಡ್ಡಿಗೆ ಮರುಳಾಗಬೇಡಿ, ಒಂದು ಮೀಟರಿಗಿಂತ ಉದ್ದದ್ದನ್ನೇ ಕೇಳಿ. ಅದೂ ಆ ಸೆಟ್ಟಿನ ಅನುಮೋದನೆಗೆ ಒಳಪಟ್ಟದ್ದೇ ಆಗಿರಲಿ. ಅದನ್ನು ತಗಡಿನ ಟಾಪಿನ ನಟ್ಟನಡುವೆ ನಿಲ್ಲಿಸಬೇಕು, ಯಾಕೆಂದರೆ ಟಾಪಿನ ತಗಡೂ ಆಂಟೆನಾದ ಅರ್ಧ ಕೆಲಸ ಮಾಡುತ್ತದೆ. ಬಂಪರಿನ ಮೂಲೆಗೆ ಕಟ್ಟಿದರೆ ಆ ಲಾಭ ಹೋಯಿತು. ಕೂಡಿಸಿದ ಮೇಲೆ, ಆಂಟೆನಾ ಸೆಟ್ಟಿಗೆ ಹೊಂದಿದೆಯೇ ಎಂದು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚಿ ನೋಡಲೇಬೇಕು. ಮುಳ್ಳು ಒಂದೂವರೆಯ ಆಸುಪಾಸು ನಿಂತರೆ ಒಳ್ಳೆಯದು, ಮೂರು ದಾಟಿದರೆ ಮೈಕ್ ಒತ್ತಲೇಬೇಡಿ, ಸೆಟ್ಟು ಸುಟ್ಟುಹೋದೀತು. ಆಂಟೆನಾ ಹಚ್ಚದೆ ಒತ್ತುವುದೂ ಅಷ್ಟೇ ಕೇಡು. ವೈರನ್ನು ಫ್ಯೂಸ್ ಸಮೇತ ನೇರ ಬ್ಯಾಟರಿಯಿಂದ ಎಳೆಸಿ. ಎಎಂ ಜೊತೆಗೆ ಎಫ್‌ಎಂ ಕೂಡ ಇರುವ ಸೆಟ್ಟಾದರೆ ಹತ್ತಿರದ ಮಾತು ಕರಕರ ಇಲ್ಲದೆ ಕೇಳುತ್ತದೆ.

ಮನೆಯ ಸೆಟ್ಟಿಗೆ, ಮಾಳಿಗೆಯಿದ್ದರೆ, ಅದೇ ದೊಡ್ಡ ಅನುಕೂಲ. ಆಂಟೆನಾ ಎತ್ತರದಲ್ಲಿದ್ದಷ್ಟೂ ದೂರ ಹೆಚ್ಚು. ನೀರು ಏರುವ ಸೂಚನೆ ಸಿಕ್ಕ ಕೂಡಲೇ ನಿಮ್ಮ ಮನೆಯವರು, ಟ್ರ್ಯಾಕ್ಟರ್ ಇದ್ದರೆ, ಅದರ 12 ವೋಲ್ಟ್ ಬ್ಯಾಟರಿ ಬಿಚ್ಚಿ ಮೇಲಕ್ಕೆ ಸಾಗಿಸಲಿ. ಬರೀ ಕೇಳುತ್ತಿದ್ದರೆ ಸೆಟ್ಟು ಒಂದು ಆಂಪಿಯರೂ ತಿನ್ನುವುದಿಲ್ಲ. ಆದರೂ ಗೊತ್ತು ಮಾಡಿದ ಹೊತ್ತಿಗೆ ಮಾತ್ರ ಹಚ್ಚಿದರೆ ದಿನಗಟ್ಟಲೆ ಬಾಳುತ್ತದೆ: ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಎಂಟಕ್ಕೆ. ಗುಡುಗು ಸಿಡಿಲಿದ್ದಾಗ ಆಂಟೆನಾ ವೈರ್ ಕಿತ್ತಿಡಲಿ.

ಎಷ್ಟು ದೂರ ಹೋಗುತ್ತದೆ? ಬಯಲಿನಲ್ಲಿ ಕಾರಿನಿಂದ ಕಾರಿಗೆ ಐದಾರು ಕಿಲೋಮೀಟರ್, ಒಂದು ತುದಿ ಮಾಳಿಗೆಯಾದರೆ ಇನ್ನಷ್ಟು. ಈ ಉದ್ದದ ಅಲೆಗೆ ಆಳೆತ್ತರದ ಕಬ್ಬು ಹೆಚ್ಚು ಅಡ್ಡಿಯಲ್ಲ. ಹಾಗೆಂದು ನನ್ನ ಮಾತಿನ ಮೇಲೆ ದುಡ್ಡು ಹಾಕಬೇಡಿ. ತಲುಪದಿದ್ದರೆ ವಾಪಸು ಕೊಡುವ ಕರಾರಿನ ಮೇಲೆ ಬೇಸಿಗೆಯಲ್ಲೇ ತಂದು, ಮನೆಯಿಂದ ತವರಿನ ಅಂಗಳದವರೆಗೆ ಮಾತಾಡಿ ನೋಡಿ. ಹಗಲಿನಲ್ಲಿ ಕೆಲವೊಮ್ಮೆ ಯಾವುದೋ ದೇಶದ ದನಿ ತೂರಿಬರುತ್ತದೆ. ಮೇಲಿನ ವಾಯುಮಂಡಲಕ್ಕೆ ಬಡಿದು ಹಿಂದಿರುಗುವ ಅಲೆ ಅದು, ಗಾಬರಿಯಾಗಬೇಡಿ. ಕೈಯಲ್ಲಿ ಹಿಡಿಯುವ 446 ಮೆಗಾಹರ್ಟ್ಸ್ ಸೆಟ್ಟುಗಳಿಗೂ 2018ರಿಂದ ಲೈಸೆನ್ಸ್ ಬೇಡ. ಅವು ಊರೊಳಗೆ, ಹೊಲದಿಂದ ಮನೆಗೆ ಸಾಕು, ಶಿರಗುಪ್ಪಿಯನ್ನು ಮುಟ್ಟುತ್ತವೆಂದು ನಂಬಬೇಡಿ. ಮಗನಿಗೆ ನಿಜವಾದ ಆಸಕ್ತಿಯಿದ್ದರೆ ಹ್ಯಾಂ, ಅಂದರೆ ಹವ್ಯಾಸಿ ರೇಡಿಯೊ, ಪರೀಕ್ಷೆಗೆ ಕೂಡಿಸಿ. 12 ವರ್ಷ ತುಂಬಿದವರು ಬರೆಯಬಹುದು, ಆದರೆ ಮಾತಾಡುವ ಎರಡೂ ಕಡೆಯವರಿಗೆ ಲೈಸೆನ್ಸ್ ಬೇಕಾಗುತ್ತದೆ.

ಈಗ ನಿಮ್ಮ ಮನೆಯವರ ವಿಚಾರ. ರೇಡಿಯೊ ಬಂದರೆ ನಿಮ್ಮ ಜೀವಕ್ಕೆ ಸಮಾಧಾನ, ಸರಿ. ಆದರೆ ಅದೇ ಧೈರ್ಯದ ಮೇಲೆ ಅವರು ಇನ್ನೊಂದು ರಾತ್ರಿ ಅಲ್ಲೇ ಉಳಿದುಬಿಟ್ಟಾರು ಎಂಬ ಭಯ ನನ್ನದು. ‘ಮಾತಾಡುತ್ತಿದ್ದೇನಲ್ಲ, ಇನ್ನೇನು’ ಎಂದಾರು. ರೇಡಿಯೊ ನೀರನ್ನು ತಡೆಯುವುದಿಲ್ಲ, ದೋಣಿಯನ್ನೂ ತರುವುದಿಲ್ಲ. ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು, ನರಸೋಬಾವಾಡಿಯಲ್ಲಿ ಕೂಡುವ ಪಂಚಗಂಗೆಯ ನೀರು ಎಲ್ಲವೂ ರಾಜಾಪುರ ಬ್ಯಾರೇಜು ದಾಟಿಯೇ ನಿಮ್ಮ ಕಡೆ ಬರಬೇಕು. ಅಲ್ಲಿನ ಕ್ಯುಸೆಕ್ ಲೆಕ್ಕ ದಿನಾ ಸುದ್ದಿಯಲ್ಲಿ ಬರುತ್ತದೆ. 2005, 2019, 2021ರ ಮೂರೂ ಪ್ರವಾಹ ಕಂಡ ಊರಿನ ಹಿರಿಯರನ್ನು ಕೂಡಿಸಿಕೊಂಡು, ಲೆಕ್ಕ ಎಷ್ಟಕ್ಕೆ ಮುಟ್ಟಿದರೆ ರಸ್ತೆ ಮುಳುಗುತ್ತದೆ ಎಂದು ಕೇಳಿ, ಅದಕ್ಕಿಂತ ಬಹಳ ಕೆಳಗಿನ ಒಂದು ಅಂಕಿ ಗೊತ್ತು ಮಾಡಿ. ಆ ಅಂಕಿ ಬಂದ ದಿನ ಎಮ್ಮೆ ಮೊದಲು ಹೊರಡಬೇಕು. ಅವರು ಉಳಿಯುವುದು ಎಮ್ಮೆಗಾಗಿ ತಾನೆ? ನಿಮ್ಮ ತವರಿನಲ್ಲಿ ಅವುಗಳಿಗೆ ಗೂಟ, ಮೇವು, ನೆರಳನ್ನು ಮೇ ತಿಂಗಳಲ್ಲೇ ಗೊತ್ತು ಮಾಡಿಸಿ. ಈ ಮಾತನ್ನು ನೀವೊಬ್ಬರೇ ಹೇಳಿದರೆ ‘ಹೆಂಗಸರ ಹೆದರಿಕೆ’ ಎಂದು ತಳ್ಳಿಹಾಕಬಹುದು. ಅತ್ತೆಯವರನ್ನು ಮುಂದೆ ಮಾಡಿ, ತಾಯಿಯ ಮಾತಿಗೆ ತೂಕವಿದೆ. ಎಮ್ಮೆ ಹೊರಡುವುದು ಗೊತ್ತಾದ ಮೇಲೆಯೇ ಸೆಟ್ಟಿಗೆ ದುಡ್ಡು ಕೊಡಿ.

ಬಿಲ್ಲು ಮತ್ತು ಇಟಿಎ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಾರಿನ ಕಾಗದಪತ್ರದ ಜೊತೆಗೇ ಇಡಿ. ಗಡಿಯ ಚೆಕ್‌ಪೋಸ್ಟಿನಲ್ಲಿ ಯಾರಾದರೂ ಕೇಳಿದರೆ ತೋರಿಸಬಹುದು. ಫೋನ್ ಹತ್ತುವಷ್ಟು ಹೊತ್ತು 112 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077 ಇದ್ದೇ ಇವೆ, ಅವನ್ನು ಮೊದಲು ಒತ್ತಿ.